ನಾಲ್ಕು ಸೆಕೆಂಡಿನ ಎತ್ತು

ನನ್ನ ಹೆಂಡತಿ ಶೈಲಜಾಗೆ ಕಲೆಯ ಬಗ್ಗೆ ತಿರಸ್ಕಾರವಿಲ್ಲ, ರದ್ದಿಯ ಬಗ್ಗೆ ಮಾತ್ರ ಇದೆ. ಇವೆರಡರ ಗಡಿ ಎಲ್ಲಿ ಎಂಬುದರ ಮೇಲೆ ನಮ್ಮಲ್ಲಿ ಹದಿನಾರು ವರ್ಷಗಳ ತಕರಾರಿದೆ.

ನಾನು ರಾಮದುರ್ಗದಲ್ಲಿ ಡ್ರಾಯಿಂಗ್ ಮಾಸ್ತರ. ೧೯೯೮ರಲ್ಲಿ ಧಾರವಾಡದ ತರಬೇತಿಯೊಂದರಲ್ಲಿ ಕಾರ್ಟೂನು ಕಿರುಚಿತ್ರಗಳನ್ನೂ ಅವುಗಳ ಹಿಂದಿನ ಮೂಲ ಹಾಳೆಗಳನ್ನೂ ತೋರಿಸಿದರು. ಒಂದು ಇಲಿ ಬಾಲ ಅಲ್ಲಾಡಿಸಲೆಂದು ಯಾರೋ ಪುಣ್ಯಾತ್ಮ ಮೂವತ್ತು ಚಿತ್ರ ಬರೆದಿದ್ದ. ನನಗೆ ಕಣ್ಣೀರೇ ಬಂತು. ಊರಿಗೆ ಬಂದವನೇ, ಮಲಗಿದ ಎತ್ತು ಎದ್ದು ಓಡುವ ಮಹಾಕಾವ್ಯಕ್ಕೆ ಕೈ ಹಾಕಿದೆ. ನಾಲ್ಕು ತಿಂಗಳಲ್ಲಿ ನಲವತ್ತೆಂಟು ಹಾಳೆಗಳಾದವು.

"ಎಷ್ಟೊತ್ತು ಓಡತೈತ್ರಿ ಇದು?" ಎಂದಳು ಶೈಲಜಾ.

"ನಾಕು ಸೆಕೆಂಡು."

"ತಿಂಗಳಿಗೊಂದು," ಎಂದು ಅಡುಗೆಮನೆಗೆ ಹೋದಳು.

ಮದುವೆ ವಿಡಿಯೋ ತೆಗೆಯುವ ನಾಸಿರ, ಸವದತ್ತಿಯಿಂದ ಕ್ಯಾಮೆರಾ ತಂದು ಹಾಳೆಗಳನ್ನು ಒಂದೊಂದಾಗಿ ಸೆರೆಹಿಡಿದು ಕೊಡುತ್ತೇನೆ ಎಂದಿದ್ದ. ಅವನು ಬಂದದ್ದು ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ. ಕಪಾಟು ತೆಗೆದರೆ ಹಾಳೆಗಳೇ ಇಲ್ಲ.

"ಕುಂಬಾರ ಶಟ್ಟೆವ್ವಗ ಕೈ ಮುರದೈತಿ, ಈ ವರ್ಷ ಮಣ್ಣಿನ ಎತ್ತು ಮಾಡಲಿಲ್ಲ," ಎಂದಳು ಶೈಲಜಾ. "ಓಣ್ಯಾಗಿನವರು ಪೂಜಿಗೆ ಏನು ಇಡೂದು ಅಂತ ಕುಂತಿದ್ರು. ನಿಮ್ಮ ಕಡೆ ಒಂದ ಎತ್ತು ನಲವತ್ತೆಂಟು ಇದ್ದುವು. ಮನಿಗೊಂದು ಕೊಟ್ಟೆ."

"ಅವು ಬ್ಯಾರೆ ಬ್ಯಾರೆ ಅದಾವ."

"ನಾನೂ ನೋಡೇನಿ. ಕಾಲು ಒಂದೀಟು ಆಕಡೆ ಈಕಡೆ."

ಹಾಳೆ ವಾಪಸು ಕೇಳಲು ಓಣಿಗೆ ಓಡಿದೆ. ಕಾಗದದ ಎತ್ತು ದೇವರ ಜಗಲಿಯ ಮೇಲೆ ನಿಲ್ಲುವುದಿಲ್ಲವಲ್ಲ, ಎಲ್ಲರೂ ಬಾಗಿಲಿಗೆ ಅಂಟಿಸಿಕೊಂಡಿದ್ದರು. ಓಣಿಯ ಮೊದಲ ಮನೆಯ ಬಾಯವ್ವ ಅಡ್ಡ ನಿಂತಳು.

"ಕುಂಕುಮ ಹಚ್ಚೇವಿ, ನೈವೇದ್ಯ ತೋರ್ಸೇವಿ. ದೇವರನ್ನ ಕಿತ್ತು ಕೊಡಾಕ ಬರತೈತೇನ್ರಿ ಮಾಸ್ತರ?"

ನಾಲ್ಕು ತಿಂಗಳ ತಪಸ್ಸು ದೇವರಾಗಿ ಹೋಯಿತೆಂದು ನಾನು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ದಾರಿ ತೋರಿಸಿದವನು ನಾಸಿರ.

"ಲೂನಾ ಗಾಡಿ ತಗೀರಿ ಸರ. ನೀವು ಹೊಡೀರಿ, ನಾ ಹಿಂದ ಕುಂತು ವಿಡಿಯೋ ತಗೀತೇನಿ. ಬಾಗಲಾ ಸರಸರ ದಾಟಿದ್ರ ಎತ್ತು ಓಡತೈತಿ."

ಬಾಯವ್ವನ ಮನೆಯಿಂದ ನಮ್ಮ ಮನೆಯವರೆಗೆ ಲೂನಾ ಹೊಡೆದೆ. ಸಂಜೆ ಇಡೀ ಓಣಿ ನಮ್ಮ ಟೀವಿ ಮುಂದೆ ಸೇರಿತು. ಶೈಲಜಾ ಬಾಯವ್ವನಿಂದ ಶುರುಮಾಡಿ ಹಾಳೆಗಳ ಕಟ್ಟಿನ ಮೇಲಿಂದ ಹಂಚುತ್ತ ಬಂದು, ಅಡಿಯಲ್ಲಿ ಉಳಿದದ್ದನ್ನು ನಮ್ಮ ಬಾಗಿಲಿಗೆ ಅಂಟಿಸಿದ್ದಳು. ಮೇಲಿದ್ದದ್ದು ಓಟದ ಕೊನೆಯ ಹಾಳೆ. ಹೀಗಾಗಿ ಓಡುತ್ತಿದ್ದ ಎತ್ತು ಹಿಂದಕ್ಕೆ ಸರಿಯುತ್ತ, ಮೊಣಕಾಲೂರಿ, ಸರಿಯಾಗಿ ನಮ್ಮದೇ ಬಾಗಿಲಲ್ಲಿ ಮಲಗಿತು. (ನನ್ನ ಲೂನಾದ ವೇಗಕ್ಕೆ ನಾಲ್ಕು ಸೆಕೆಂಡು ಎರಡು ನಿಮಿಷವಾಗಿತ್ತು.) ಪಕ್ಕದಲ್ಲಿ ಶೈಲಜಾ ಸೆರಗು ಸರಿಮಾಡಿಕೊಂಡು ನಿಂತಿದ್ದಳು. ಜನ ಚಪ್ಪಾಳೆ ಹೊಡೆದದ್ದು ಅವಳಿಗೆ. ನಾನೂ ಚಿತ್ರದಲ್ಲಿದ್ದೆ, ಮೂಲೆಯಲ್ಲಿ, ಬೋಳು ನೆತ್ತಿಯಷ್ಟೇ.

ಕೈಗೆ ಪಟ್ಟಿ ಕಟ್ಟಿಕೊಂಡು ಶಟ್ಟೆವ್ವನೂ ಬಂದಿದ್ದಳು. ಅಲ್ಲಿ ನನ್ನನ್ನು ಬಿಟ್ಟರೆ ಕಲಾವಿದರೆಂದರೆ ಅವಳೊಬ್ಬಳೇ. ಹೇಗಿದೆ ಎಂದು ಕೇಳಿದೆ. ಪಟ್ಟಿ ಕಟ್ಟಿದ ಕೈಯನ್ನು ಟೀವಿಯತ್ತ ತೋರಿಸಿದಳು.

"ಛಲೋ ಬರದೀರಿ. ಖರೆ, ನನ್ನ ಎತ್ತು ನಿಂದರ್ಸಿದಲ್ಲೆ ನಿಂದರತಾವ್ರಿ ಮಾಸ್ತರ."