ಇಪ್ಪತ್ತನೇ ಹೊಸಬ

ಎಲ್ಲಕ್ಕೂ ಕಾರಣ ಪ್ಲಂಬರನ ಚೀಲದ ಪಟ್ಟಿ. ಅದು ಕಿತ್ತುಹೋಗಿ ಚೀಲವನ್ನು ಹೊಲಿಯಲು ಕೊಟ್ಟಿದ್ದರಿಂದ, ಆ ಶನಿವಾರ ಅವನು ಸ್ಪ್ಯಾನರು, ಹ್ಯಾಕ್ಸಾ ಏನೂ ಇಲ್ಲದೆ, ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಹೊಸ ಅಂಗಿ ತೊಟ್ಟು ಬೀದಿಗಿಳಿದ. ಬೂಟು ಮಾತ್ರ ಹಳೆಯದೇ. ಎಡಗಾಲಿನದರ ಅಡಿಗೆ ಕೆಂಪು ರಬ್ಬರಿನ ತೇಪೆ ಇತ್ತು. ಅಡಿಯನ್ನು ಯಾರು ನೋಡುತ್ತಾರೆ ಎಂದು ಹೆಂಡತಿಯೂ ಸುಮ್ಮನಾಗಿದ್ದಳು.

ಹೊರಟಿದ್ದು ಸಮುದಾಯ ಭವನಕ್ಕೆ. ಭವನದ ಹಿಂದಿನ ಖಾಲಿ ಕೋಣೆಯನ್ನು ಕೈಕೆಲಸದವರೊಬ್ಬರಿಗೆ ಬಿಟ್ಟುಕೊಡುತ್ತೇವೆ, ಶನಿವಾರ ಸಂಜೆ ಐದಕ್ಕೆ ತೀರ್ಮಾನ ಎಂದು ಅಲ್ಲಿನ ಗೋಡೆಗೆ ನೋಟೀಸು ಅಂಟಿಸಿದ್ದರು. ನೋಟೀಸಿನ ಕೆಳಗಿನ ಅರ್ಧದ ಮೇಲೆ ಲೈಬ್ರರಿಯವರು ತಮ್ಮ ಪೋಸ್ಟರು ಮೆತ್ತಿದ್ದರು. ಮೇಲಿನ ಅರ್ಧವೇ ಪ್ಲಂಬರನಿಗೆ ಸಾಕಾಗಿತ್ತು. ಈ ಬೀದಿಯಲ್ಲೇ ಹುಟ್ಟಿ ಇಲ್ಲೇ ತಲೆ ನರೆತವನಿಗೆ ಕೊಡದೆ ಇನ್ಯಾರಿಗೆ ಕೊಡುತ್ತಾರೆ?

ಕೋಣೆ ಅವನಿಗೆ ಬೇಕೇ ಬೇಕಿತ್ತು. ಮನೆಯಲ್ಲಿ ಮಂಚದ ಕೆಳಗೆ ಪೈಪು, ಕಪಾಟಿನ ತುಂಬ ನಲ್ಲಿ, ಸಕ್ಕರೆ ಡಬ್ಬಿಯಲ್ಲಿ ಕೂಡ ಒಮ್ಮೆ ವಾಷರು ಸಿಕ್ಕಿತ್ತು. ಬೆಳಿಗ್ಗೆ ಹೆಂಡತಿ ಪೈಪನ್ನು ಎಡವಿ, ಕಾಲ್ಬೆರಳು ಹಿಡಿದುಕೊಂಡೇ ತೀರ್ಪು ಕೊಟ್ಟಿದ್ದಳು.

"ನೋಡಿ, ಸಂಜೆಯೊಳಗೆ ಈ ಪೈಪುಗಳು ಮನೆಯಿಂದ ಆಚೆ ಹೋಗ್ಬೇಕು. ಅವಕ್ಕೆ ಜಾಗ ಸಿಗ್ಲಿಲ್ಲ ಅಂದ್ರೆ ನೀವೂ ಅವುಗಳ ಜೊತೆಗೇ ಹೋಗಿ."

ಭವನದ ಬಾಗಿಲಲ್ಲಿ ಅವನು ಕಾಲಿಡುವುದೇ ತಡ, ಒಬ್ಬಾಕೆ ಓಡಿಬಂದು ಎದೆಗೆ ಏನನ್ನೋ ಚುಚ್ಚಿದಳು.

"ಬನ್ನಿ ಬನ್ನಿ! ನಿಮಗೋಸ್ಕರಾನೇ ಕಾಯ್ತಿದ್ವಿ!"

ನೋಡಿದರೆ ಬ್ಯಾಡ್ಜು. 'ಹೊಸಬರು, 20' ಎಂದು ಬರೆದಿತ್ತು.

ಲೈಬ್ರರಿ, ಕ್ಲಿನಿಕ್ಕು, ಬೇಕರಿ ಮೂವರೂ ಕೈಜೋಡಿಸಿ 'ಹೊಸಬರ ಸ್ವಾಗತ ಕೂಟ' ಕಟ್ಟಿದ್ದರು. ಊರಿಗೆ ಹೊಸದಾಗಿ ಬಂದವರನ್ನು ಕೈಹಿಡಿದು ನಡೆಸುವುದು ಅದರ ಕೆಲಸ. ಈಕೆ ಅದರ ಮುಖ್ಯಸ್ಥೆ. ಯಾವಾಗಲೂ ಬ್ಯಾಡ್ಜಿನ ಡಬ್ಬಿ ಹಿಡಿದೇ ಓಡಾಡುತ್ತಿದ್ದುದರಿಂದ ಬೀದಿಯವರ ಬಾಯಲ್ಲಿ ಬ್ಯಾಡ್ಜಕ್ಕ. ಅಂದು ಕೈಕೆಲಸದ ಇಪ್ಪತ್ತು ಹೊಸಬರು ಬರಬೇಕಿತ್ತು, ಹತ್ತೊಂಬತ್ತೇ ಬಂದಿದ್ದರು.

"ಅಕ್ಕಾ, ನಾನು ಹೊಸಬ ಅಲ್ಲ. ಇಲ್ಲಿಯವನೇ."

"ಹಾಗೇ ಅಂದ್ಕೋಬೇಕು! ನಮ್ಮ ಉದ್ದೇಶಾನೇ ಅದು."

"ಅಂದ್ಕೊಳ್ಳೋದಲ್ಲ ಕಣ್ರೀ, ಹುಟ್ಟಿದ್ದೇ ಇಲ್ಲಿ!"

"ಮೊದಮೊದಲು ಕೋಪ ಬರುತ್ತೆ. ಟ್ರೈನಿಂಗಲ್ಲಿ ಹೇಳ್ಕೊಟ್ಟಿದ್ದಾರೆ," ಎಂದು ಅವಳು ಅವನ ಬೆನ್ನು ಸವರಿದಳು. "ಸಂಜೆ ಚೀಟಿ ಎತ್ತಿ ಹೊಸಬರಲ್ಲಿ ಒಬ್ಬರಿಗೆ ಒಳ್ಳೇ ಉಡುಗೊರೆ ಕೊಡ್ತೀವಿ. ಇರಿ."

ಉಡುಗೊರೆಯ ಮಾತು ಅವನ ಕಿವಿಗೆ ಬೀಳಲೇ ಇಲ್ಲ. ಹೊಸಬರ ಪಟ್ಟಿಯಲ್ಲಿ ಹೆಸರು ಸೇರಿದರೆ ಕೋಣೆಗೆ ಎಳ್ಳುನೀರು ಎಂಬುದೊಂದೇ ತಲೆಯಲ್ಲಿತ್ತು.

"ಮೊದಲು ನನ್ನ ಹೆಸರು ಹೊಡೆದು ಹಾಕಿ!"

"ನೀವು ಹಳಬರು ಅಂತ ಇಬ್ಬರು ಹಳಬರು ಹೇಳ್ಲಿ, ಹೊಡೀತೀನಿ. ಈಗ ಊರು ನೋಡೋಕೆ ಹೊರಡೋಣ."

ಹೀಗೆ ಪ್ಲಂಬರ್ ತನ್ನ ಬೀದಿಯನ್ನು ತಾನೇ ನೋಡಲು ಸಾಲಿನಲ್ಲಿ ಹೊರಟ. ಮುಂದೆ ಹನ್ನೆರಡನೇ ನಂಬರಿನ ಹೆಂಗಸು. ಸೈಕಲ್ ರಿಪೇರಿ ಮಾಡುವವಳು, ಬಂದು ಒಂಬತ್ತು ದಿನವಾಗಿತ್ತಂತೆ. ಮೂಲೆಯ ಬೀದಿನಲ್ಲಿಯ ಬಳಿ ಬ್ಯಾಡ್ಜಕ್ಕ ನಿಂತಳು.

"ಇದು ನಲ್ಲಿ. ಹೀಗೆ ತಿರುಗಿಸಿದ್ರೆ ನೀರು ಬರುತ್ತೆ."

ಆ ನಲ್ಲಿಯನ್ನು ಕೂರಿಸಿದವನೇ ಪ್ಲಂಬರು. "ಆ ಕಡೆ ಅಲ್ಲ, ಈ ಕಡೆ! ತಲೆ ಕಿತ್ಕೊಂಡು ಬರುತ್ತೆ!" ಎಂದು ಕೂಗಿದ.

"ಹೊಸಬರು ಗಾಬರಿಯಾಗಬಾರ್ದು," ಎಂದು ಅವಳು ತಿರುಗಿಸಿದಳು. ನಲ್ಲಿಯ ತಲೆ ಅವಳ ಕೈಗೆ ಬಂತು, ನೀರು ಪೂರ್ತಿ ಪ್ಲಂಬರನ ಹೊಸ ಅಂಗಿಗೆ ಬಂತು. ಸೈಕಲ್ಲಿನವಳು ತನ್ನ ಒರೆಸುವ ಬಟ್ಟೆ ಕೊಟ್ಟಳು.

"ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ ಅಂತಾರೆ," ಎಂದಳು ನಗುತ್ತ. "ಇಲ್ಲಿ ನೀರೇ ನಮ್ಮ ಹತ್ರ ಬಂತು."

ಪ್ಲಂಬರನಿಗೆ ನಗು ಬರಲಿಲ್ಲ. ತೊಟ್ಟಿಕ್ಕುತ್ತ ಬೇಕರಿಗೆ ನುಗ್ಗಿದ.

"ಸ್ವಾಮೀ, ನಾನು ಹಳಬ ಅಂತ ಒಂದು ಮಾತು ಹೇಳಿ!"

ಬೇಕರಿಯವರು ಕನ್ನಡಕ ಏರಿಸಿ ಅವನ ಮುಖವನ್ನು ಬಲಗಡೆಯಿಂದ, ಎಡಗಡೆಯಿಂದ ನೋಡಿದರು. "ನಾನು ಬಂದು ಎಂಟು ವರ್ಷ ಆಯ್ತಪ್ಪ. ಈ ಮುಖ ನೋಡಿದ ನೆನಪಿಲ್ಲ."

"ಹೋದ ತಿಂಗಳು ತಾನೇ ನಿಮ್ಮ ಸಿಂಕು ರಿಪೇರಿ ಮಾಡಿದ್ದು!"

"ಅದು ನಮ್ಮ ಪ್ಲಂಬರು ಮಾಡಿದ್ದು. ಒಳ್ಳೇ ಮನುಷ್ಯ. ಅವರ ಹೆಸರು ಹೇಳ್ಕೊಂಡು ಕೆಲಸ ಗಿಟ್ಟಿಸಬೇಡ."

ಕ್ಲಿನಿಕ್ಕಿನ ಡಾಕ್ಟರಮ್ಮ ಅವನ ನಾಡಿ ಹಿಡಿದು, ಇದು ಹೊಸ ಜಾಗದ ಒತ್ತಡ, ಚೆನ್ನಾಗಿ ನಿದ್ದೆ ಮಾಡಿ ಎಂದರು. ಆ ಕ್ಲಿನಿಕ್ಕಿನ ಇಂಚಿಂಚು ಪೈಪೂ ಅವನದೇ ಕೈಕೆಲಸ.

ನಾಲ್ಕೂ ಮುಕ್ಕಾಲಿಗೆ ಮೆರವಣಿಗೆ ಭವನಕ್ಕೆ ಮರಳಿತು. ಮುಂದಿನ ಸಾಲಿನಲ್ಲಿ ಬೀದಿಯ ಹಿರಿಯಜ್ಜಿ ಕೂತಿದ್ದಳು. ಪ್ಲಂಬರನಿಗೆ ಹೋದ ಜೀವ ಬಂತು.

"ಅಜ್ಜೀ, ನಾನು ಕಣಜ್ಜೀ! ಮೊನ್ನೆ ನಿಮ್ಮ ಬಚ್ಚಲ ನಲ್ಲಿ..."

"ಯಾರಪ್ಪ ನೀನು?" ಅಜ್ಜಿ ಕಣ್ಣು ಕಿರಿದಾಗಿಸಿದಳು.

ಆಗ ಅವನಿಗೆ ತಟ್ಟನೆ ಹೊಳೆಯಿತು. ಹೊಳೆದದ್ದೇ ಮೈಯೆಲ್ಲ ಉರಿಯಿತು. ಎದುರಿಗಿದ್ದ ಮೇಜಿನ ಕೆಳಗೆ ದಡಕ್ಕನೆ ಅಂಗಾತ ಮಲಗಿ, ತಲೆಯನ್ನು ಒಳಗೆ ತೂರಿಸಿ, ಕಾಲೆರಡನ್ನೂ ಆಚೆ ಚಾಚಿದ. ಎಡಗಾಲಿನ ಬೂಟಿನ ಅಡಿಯ ಕೆಂಪು ತೇಪೆ ಸಭೆಗೆಲ್ಲ ಕಂಡಿತು.

"ಅಯ್ಯೋ, ಇವನಾ!" ಅಜ್ಜಿ ಚಪ್ಪಾಳೆ ತಟ್ಟಿದಳು. "ನಮ್ಮ ಪ್ಲಂಬರು! ಇವನಪ್ಪನೂ ಹೀಗೇ ಕಾಲು ಚಾಚ್ತಿದ್ದ!"

"ಹೌದಲ್ಲ! ನಮ್ಮ ಸಿಂಕಿನ ಕೆಳಗಿದ್ದವರು!" ಎಂದರು ಬೇಕರಿಯವರು.

"ನೀವಾ? ಮೊದಲೇ ಹೇಳ್ಬಾರ್ದಾ?" ಎಂದಳು ಬ್ಯಾಡ್ಜಕ್ಕ.

ಪ್ಲಂಬರ್ ಎದ್ದು ನಿಂತ.

"ಇಪ್ಪತ್ತೆರಡು ವರ್ಷ! ನಿಮ್ಮ ಅಡುಗೆಮನೆ, ಬಚ್ಚಲುಮನೆ ನನಗೆ ಗೊತ್ತಿಲ್ಲದ್ದು ಒಂದಿಲ್ಲ. ಒಬ್ಬರಾದ್ರೂ ಒಂದ್ಸಲ ಬಗ್ಗಿ, ಈ ಕಾಲಿನ ಆ ತುದೀಲಿ ಒಂದು ಮುಖ ಇದೆಯಾ ಅಂತ ನೋಡಿದ್ರಾ? ನಿಮಗೆಲ್ಲ ನಾನು ಊರು ತೋರಿಸ್ಬೇಕು, ನೀವು ನನಗಲ್ಲ! ಹೊಡೀರಿ ಆ ಹೆಸರು!"

ಸಭೆ ತಲೆ ತಗ್ಗಿಸಿತು. ಬೇಕರಿಯವರೂ ಅಜ್ಜಿಯೂ ಸಾಕ್ಷಿ ಹೇಳಿದರು. ಬ್ಯಾಡ್ಜಕ್ಕ ಇಪ್ಪತ್ತನೇ ಹೆಸರಿನ ಮೇಲೆ ಉದ್ದಕ್ಕೆ ಗೀಟು ಎಳೆದಳು. ಅವನು ಬ್ಯಾಡ್ಜು ಕಿತ್ತು ಮೇಜಿನ ಮೇಲೆ ಬಡಿದ. ಇಷ್ಟು ವರ್ಷದಲ್ಲಿ ಅವನಿಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಸರಿಯಾಗಿ ಐದಕ್ಕೆ ಡಾಕ್ಟರಮ್ಮ ಡಬ್ಬಿಯೊಳಗೆ ಕೈಹಾಕಿ ಚೀಟಿ ಎತ್ತಿದರು.

"ಭವನದ ಹಿಂದಿನ ಕೋಣೆ, ನಂಬರ್ ಇಪ್ಪತ್ತಕ್ಕೆ!"

"ಏನಂದ್ರಿ?" ಎಂದ ಪ್ಲಂಬರ್.

ಲೈಬ್ರರಿಯವರು ಹೋಗಿ ನೋಟೀಸಿನ ಮೇಲಿನ ಪೋಸ್ಟರು ಕಿತ್ತರು. ಕೆಳಗಿನ ಅರ್ಧದಲ್ಲಿ ದಪ್ಪಕ್ಷರದಲ್ಲಿತ್ತು: 'ಹೊಸದಾಗಿ ಬಂದ ಕೈಕೆಲಸದವರಿಗೆ ಮಾತ್ರ. ಚೀಟಿ ಎತ್ತಿ ಕೊಡಲಾಗುವುದು.'

"ಇಪ್ಪತ್ತು ಈಗ ತಾನೇ ಹೊಡೆದು ಹಾಕಿದ್ನಲ್ಲ," ಎಂದಳು ಬ್ಯಾಡ್ಜಕ್ಕ. "ಇವರೇ ಹಟ ಹಿಡಿದ್ರು. ಸಾಕ್ಷಿ ಬೇರೆ ಆಗಿದೆ. ಇನ್ನೊಂದು ಎತ್ತಿ."

ಇನ್ನೊಂದು ಎತ್ತಿದರು. ಹನ್ನೆರಡು ಬಂತು. ಸೈಕಲ್ಲಿನವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಅವಳನ್ನು ಬೈಯಲು ಪ್ಲಂಬರನಿಗೆ ಬಾಯಿ ಬರಲಿಲ್ಲ.

ಕೋಣೆಯ ಬಾಗಿಲು ತೆರೆದರೆ ಮೂಲೆಯ ಸಿಂಕು ಸೋರಿ ನೆಲವೆಲ್ಲ ನೀರು. ಎಲ್ಲರೂ ಒಟ್ಟಿಗೆ ಪ್ಲಂಬರನ ಕಡೆ ತಿರುಗಿದರು. ಈ ಸಲ ಮುಖವನ್ನೇ ನೋಡಿದರು.

"ಇವತ್ತು ನಾನು ಮುಟ್ಟಲ್ಲ," ಎಂದ ಅವನು. ಹತ್ತು ಎಣಿಸುವಷ್ಟು ಹೊತ್ತು ನಿಂತ. ನೀರು ಪೋಲಾಗುವುದನ್ನು ನೋಡಲಾಗದೆ ಸೈಕಲ್ಲಿನವಳ ಸ್ಪ್ಯಾನರ್ ಕಿತ್ತುಕೊಂಡು ಸಿಂಕಿನ ಕೆಳಗೆ ತೂರಿದ.

ಅವಳು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಬಗ್ಗಿ, ಕತ್ತಲೊಳಗೆ ಅವನ ಮುಖ ಹುಡುಕಿದಳು.

"ಬೇಜಾರಾಯ್ತಾ ಅಣ್ಣಾ?"

ಇಪ್ಪತ್ತೆರಡು ವರ್ಷದಲ್ಲಿ ಸಿಂಕಿನ ಕೆಳಗೆ ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಅವನು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಕೈಗಾಡಿಯ ಗಡಗಡ ಸದ್ದು. ಹಿಂದೆಯೇ ಹೆಂಡತಿಯ ದನಿ.

"ರೀ! ಕೋಣೆ ನಿಮಗೇ ಗ್ಯಾರಂಟಿ ಅಂದಿದ್ರಲ್ಲ, ಪೈಪೆಲ್ಲ ತಂದಿದ್ದೀನಿ! ಎಲ್ಲಿ ಇಳಿಸ್ಲಿ?"

ಪ್ಲಂಬರ್ ಕೊನೆಯ ತಿರುವು ಬಿಗಿ ಮಾಡಿ, ಕೆಳಗಿನಿಂದಲೇ ಕೂಗಿದ.

"ಬ್ಯಾಡ್ಜಕ್ಕಾ, ಇಪ್ಪತ್ತೊಂದು ಅಂತ ಬರ್ಕೊಳ್ಳಿ! ಇವತ್ತು ರಾತ್ರಿಯಿಂದ ಈ ಊರಲ್ಲಿ ನನಗೂ ಮನೆಯಿಲ್ಲ!"