ಪುಂಡಲೀಕನ ಇಪ್ಪತ್ತು ತಲೆಯಾಟ

ಇನ್ನೊಂದೇ ತಿಂಗಳು, ಆಮೇಲೆ ಕಣ್ಣುಮುಚ್ಚಿಕೊಂಡು ಹಲಗೆ ಹತ್ತುತ್ತೇನೆ ನೋಡು ಎಂದು ಪುಂಡಲೀಕ ಹೆಂಡತಿ ಗಂಗೂ ಎದುರು ಶಪಥ ಮಾಡಿದ. ಬೈತಖೋಲ ಬಂದರದಲ್ಲಿ ದಡದಿಂದ ಬೋಟಿಗೆ ಹಾಕಿದ ಹಲಗೆಯ ಮೇಲೆ ಐಸು ಹೊರುವವನಿಗೆ ಆ ಹಲಗೆಯೇ ಅನ್ನ. ಆದರೆ ಎರಡು ತಿಂಗಳಿಂದ ಎಡಗಿವಿಯಲ್ಲಿ ಗುಂಯ್ ಎಂಬ ಸದ್ದು, ಎದ್ದು ನಿಂತರೆ ಲೋಕವೇ ಗಿರಗಿರ. ತಲೆ ನೆಟ್ಟಗಾಗುವ ತನಕ ಹಲಗೆ ಮುಟ್ಟಬೇಡ ಎಂದು ಬೋಟಿನ ಯಜಮಾನ ದತ್ತಾ ಹೇಳಿಬಿಟ್ಟಿದ್ದ.

ದೋಷ ಒಳಗಿವಿಯದು ಎಂದರು ಅಂಕೋಲೆಯ ಡಾಕ್ಟರು. ಮಾತ್ರೆ ಬರೆದರು. ಉಪ್ಪು ಕಡಿಮೆ ಮಾಡು, ಒಣಮೀನು ಬಂದ್ ಎಂದರು. ಜೊತೆಗೆ ದಿನಕ್ಕೆ ಮೂರು ಹೊತ್ತು, ಕೂತಲ್ಲೇ ಇಪ್ಪತ್ತು ಸಲ ತಲೆಯನ್ನು ಮೇಲೆ ಕೆಳಗೆ ಆಡಿಸಬೇಕು. ಪುಂಡಲೀಕ ಒಂದು ಹೊತ್ತೂ ಬಿಡಲಿಲ್ಲ. ದೇವರ ದೀಪ ತಪ್ಪಿದರೂ ತಲೆಯಾಟ ತಪ್ಪದು!

ಭಾನುವಾರ ಬೆಳಿಗ್ಗೆ ಸಾರಿಗೆ ನಾಲ್ಕು ಬಂಗಡೆ ತರಲು ಗಂಗೂ ಅವನನ್ನು ಅಟ್ಟಿದಳು. ಬಂದರದಲ್ಲಿ ರಾಮನಾಥ ಮೀನು ಲಿಲಾವು ಕೂಗುತ್ತಿದ್ದ. ಅಲ್ಲಿ ಕೊಳ್ಳುವವರು ಬಾಯಿಬಿಡಬೇಕಿಲ್ಲ, ತಲೆಯಾಡಿಸಿದರೆ ಬುಟ್ಟಿ ಅವರದು. ಒಮ್ಮೆ ಆಡಿಸಿದ ತಲೆಯನ್ನು ಹಿಂದಕ್ಕೆ ಪಡೆದವರು ಬೈತಖೋಲದ ಚರಿತ್ರೆಯಲ್ಲೇ ಇಲ್ಲ. ಇದೆಲ್ಲ ಪುಂಡಲೀಕನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗಂಟೆ ಎಂಟಾಗಿತ್ತು, ವ್ಯಾಯಾಮದ ಹೊತ್ತು. ರಾಮನಾಥನ ಪಕ್ಕದಲ್ಲೇ ಬುಟ್ಟಿಯೊಂದನ್ನು ಬೋರಲು ಹಾಕಿ ಕೂತು, ಕಣ್ಣುಮುಚ್ಚಿ ಶುರು ಮಾಡಿದ. ರಾಮನಾಥನತ್ತ ಇದ್ದದ್ದು ಎಡಗಿವಿ. ಅವನ ಕೂಗೆಲ್ಲ ಆ ಗುಂಯ್‌ನಲ್ಲೇ ಸೇರಿಹೋಯಿತು.

ಕಣ್ಣು ಬಿಟ್ಟಾಗ ಸುತ್ತ ಒಂಬತ್ತು ಬುಟ್ಟಿ ಬಂಗಡೆ! ಬೇಡ ಎನ್ನಲು ತಲೆಯನ್ನು ಅಡ್ಡಡ್ಡ ಆಡಿಸಿದ. ಬಂದರವೇ ತಿರುಗಿತು. ಎದುರಿನ ಬುಟ್ಟಿಯನ್ನು ಗಟ್ಟಿಯಾಗಿ ತಬ್ಬಿಕೊಂಡ.

"ಪುಂಡಲೀಕಂಗೆ ಎಷ್ಟ್ ಖುಷಿ ಆಗಿದೆ ನೋಡ್ರೋ," ಎಂದ ರಾಮನಾಥ.

ಒಂಬತ್ತನ್ನೂ ಸಾಲ ಹೇಳಿ ಮನೆಗೆ ತಂದು, ಕೇರಿಗೆಲ್ಲ ಹಂಚಿದರೂ ಆರು ಬುಟ್ಟಿ ಉಳಿಯಿತು. ಗಂಗೂ ಬೈಯಲಿಲ್ಲ. ಪುಂಡಲೀಕನಿಗೆ ಹೆದರಿಕೆಯಾದದ್ದೇ ಅದಕ್ಕೆ. ಅವಳು ಒಂದು ಮೂಟೆ ಉಪ್ಪು ತರಿಸಿ, ಮೀನಿಗೆಲ್ಲ ತುಂಬಿ, ಅಂಗಳದಲ್ಲಿ ಒಣಗಿಸಿದಳು.

ತಿಂಗಳಾಯಿತು. ತಲೆಸುತ್ತು ನಿಜಕ್ಕೂ ಇಳಿದಿತ್ತು. ಸೋಮವಾರದಿಂದ ಕೆಲಸಕ್ಕೆ ಬಾ ಎಂದು ದತ್ತಾ ಹೇಳಿಕಳಿಸಿದ. ಆ ಸಂಭ್ರಮಕ್ಕೆ ಗಂಗೂ ಕೆಂಡದ ಮೇಲೆ ಒಣಬಂಗಡೆ ಸುಟ್ಟಳು. ವಾಸನೆ ಹಟ್ಟಿಕೇರಿಯವರೆಗೂ ಹೋಗಿರಬೇಕು. ಪುಂಡಲೀಕನ ಮುಂದೆ ಮಾತ್ರ ಉಪ್ಪಿಲ್ಲದ ಗಂಜಿ. ಮಗಳು ನಿಶಾಗೆ ಎರಡನೇ ಮೀನು ಬಡಿಸಿ ಗಂಗೂ ಗಂಡನತ್ತ ತಿರುಗಿದಳು.

"ನಿಮ್ಗೂ ಒಂದ್ ತುಂಡ್ ಬೇಕಾ?"

ಅಷ್ಟು ದಿನಗಳಲ್ಲಿ ಮೊದಲ ಸಲ ಪುಂಡಲೀಕ ಮನಸಾರೆ ತಲೆಯಾಡಿಸಿದ.

"ಒಂದ್ ಆಯ್ತು," ಎಂದಳು ಗಂಗೂ, ಮೀನಿನ ತಟ್ಟೆ ಒಳಗಿಡುತ್ತ. "ಇನ್ನ್ ಹತ್ತೊಂಬತ್ತ್ ಸಲ ಆಡ್ಸಿ."