ಅಂಗೈ ಕಂಪ್ಯೂಟರ್ ಮಾಡಿದ ಭಾಷಣ

"ಉಪಯೋಗಕ್ಕೆ ಬಾರದ ವಸ್ತು ಅಂತ ಈ ಭೂಮಿ ಮೇಲೆ ಒಂದೂ ಇಲ್ಲ! ಉಪಯೋಗಿಸೋಕೆ ಬಾರದ ಜನ ಇದ್ದಾರೆ, ಅಷ್ಟೇ!"

ಶನಿವಾರ ಬೆಳಗ್ಗೆ ಅಟ್ಟದಿಂದ ಏಣಿ ಇಳಿಯುತ್ತ ಯಜಮಾನರು ಹೀಗೆಂದು ಘೋಷಿಸಿದರು. ತಲೆಯ ಮೇಲೆ ಜೇಡರ ಬಲೆಯ ಕಿರೀಟ, ಮೂಗಿನ ಮೇಲೆ ದೂಳಿನ ತಿಲಕ, ಬಲಗೈಯಲ್ಲಿ ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಒಂದು ಬೂದುಬಣ್ಣದ ಡಬ್ಬ. ದಂಡಯಾತ್ರೆ ಮುಗಿಸಿ ಶತ್ರುವಿನ ಖಜಾನೆ ದೋಚಿ ತಂದ ಅರಸನ ಗತ್ತು!

ಯಜಮಾನರು ನೀರು ಸರಬರಾಜು ಕಚೇರಿಯಲ್ಲಿ ಹೆಡ್ ಕ್ಲಾರ್ಕು. ಮನೆಯಲ್ಲಿ ಅವರ ಯಜಮಾನಿಕೆ ಏಣಿಯ ಮೇಲಿರುವಷ್ಟು ಹೊತ್ತು ಮಾತ್ರ. ನೆಲಕ್ಕೆ ಕಾಲಿಟ್ಟರೆ ಅದು ಹೆಂಡತಿಯ ರಾಜ್ಯ. ಆಕೆ ಮುಂದಿನ ಕೋಣೆಯಲ್ಲಿ ಹೊಲಿಗೆ ತರಗತಿ ನಡೆಸುತ್ತಿದ್ದಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಗಂಡನ ಜೊತೆ ವಾದ ಮಾಡಿ ಗೆಲ್ಲಬಲ್ಲ ಪ್ರವೀಣೆ.

"ಏನ್ರೀ ಅದು? ಅಟ್ಟ ಖಾಲಿ ಮಾಡಿ ಅಂದ್ರೆ ಅಟ್ಟದಲ್ಲಿರೋದನ್ನ ಹಾಲಿಗೆ ತರ್ತಿದ್ದೀರಲ್ಲ!"

"ಇದು ಅಂಗೈ ಕಂಪ್ಯೂಟರ್, ಕೈಗಣಕ ಕಣೇ! ಮೊಬೈಲು ಹುಟ್ಟಿ ದೊಡ್ಡದಾಗೋ ಮುಂಚೆ ದೊಡ್ಡ ದೊಡ್ಡ ಸಾಹೇಬರು ಜೇಬಲ್ಲಿಟ್ಕೊಂಡು ಓಡಾಡ್ತಿದ್ರು. ಈ ಕಡ್ಡಿಯಿಂದ ಗಾಜಿನ ಮೇಲೆ ಬರೆದ್ರೆ ಅಕ್ಷರ ತಾನೇ ಮೂಡುತ್ತೆ!"

"ಸಾಹೇಬರೆಲ್ಲ ಎಸೆದ ಮೇಲೆ ನಾವ್ಯಾಕೆ ಎತ್ಕೋಬೇಕು? ಗುಜರಿಯವನಿಗೆ ಕೊಡಿ."

"ಗುಜರಿಗಾ? ಮುಂದಿನ ಭಾನುವಾರದೊಳಗೆ ಇದು ಈ ಮನೆಯಲ್ಲಿ ನನಗಿಂತ ಹೆಚ್ಚು ಕೆಲಸ ಮಾಡದಿದ್ರೆ ಕೇಳು!"

ಹೆಂಡತಿ ಬಾಯಿಂದ ಪಿನ್ನು ತೆಗೆದಳು. "ಅದೇನು ದೊಡ್ಡ ಮಾತಲ್ಲ ಬಿಡಿ" ಎಂದಳು.

ಯಜಮಾನರು ಗಡಿಯಾರದ ಸೆಲ್ಲುಗಳನ್ನು ಕಿತ್ತು ಡಬ್ಬದ ಬೆನ್ನಿಗೆ ಹಾಕಿದರು. ಗಡಿಯಾರ ನಿಂತಿತು, ಡಬ್ಬ 'ಟಿಣ್' ಎಂದಿತು! ಕಾಲೇಜಿಗೆ ಹೋಗುವ ಮಗಳು ಹಳೆಯ ವೈರೊಂದನ್ನು ಹುಡುಕಿ, ತನ್ನ ಕಂಪ್ಯೂಟರಿಗೆ ಜೋಡಿಸಿ, ಅಂತರ್ಜಾಲದ ಮೂಲೆಮುಡುಕಿನಿಂದ ಆ ಕಾಲದ ಆ್ಯಪುಗಳನ್ನು ಹೆಕ್ಕಿ ತುಂಬಿದಳು. ಅದರಲ್ಲಿ ಒಂದು ಟೀವಿಯ ರಿಮೋಟು.

"ಅಪ್ಪ, ಇದರ ತಲೇಲಿ ಒಂದು ಕೆಂಪು ಕಣ್ಣಿದೆ ನೋಡು. ಅದನ್ನ ಟೀವಿ ಕಡೆ ತೋರಿಸಿ ಒತ್ತಿದ್ರೆ ಆನ್ ಆಗುತ್ತೆ."

ಯಜಮಾನರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಒತ್ತಿದರು. ಮನೆಯ ಹೊಸ ಟೀವಿ ಇವರನ್ನು ಕಣ್ಣೆತ್ತಿಯೂ ನೋಡಲಿಲ್ಲ. ಎಡಕ್ಕೆ ತಿರುಗಿಸಿ ಒತ್ತಿದರು, ಬಲಕ್ಕೆ ತಿರುಗಿಸಿ ಒತ್ತಿದರು, ತಲೆಯ ಮೇಲೆ ಎತ್ತಿ ಹಿಡಿದು ಒತ್ತಿದರು. ಟೀವಿ ಜಪ್ಪಯ್ಯ ಅನ್ನಲಿಲ್ಲ.

ಅತ್ತ ಓಣಿಯಾಚೆಯ ಎದುರುಮನೆಯಲ್ಲಿ ಅಜ್ಜಿ ಧಾರಾವಾಹಿ ನೋಡುತ್ತಿದ್ದರು. ಅವರದು ಈ ಡಬ್ಬದ ಓರಗೆಯ ಟೀವಿ. ಕಥೆಯ ಸೊಸೆ "ಆ ಮಗುವಿನ ತಂದೆ ಬೇರೆ ಯಾರೂ ಅಲ್ಲ..." ಎಂದು ಬಾಯಿ ತೆರೆದಳು. ಟೀವಿ ಆಫ್! ಅಜ್ಜಿ ಎದ್ದು ಹೋಗಿ ಹಾಕಿದರು. ಸೊಸೆ ಮತ್ತೆ ಬಾಯಿ ತೆರೆದಳು. ಮತ್ತೆ ಆಫ್! ಅಜ್ಜಿ ಟೀವಿಯ ನೆತ್ತಿಗೆ ಒಂದೇಟು ಬಿಟ್ಟರು. ಅದು ಹೆದರಿದಂತೆ ಹೊತ್ತಿಕೊಂಡು, ಓಣಿಯೆಲ್ಲ ಕೇಳುವಷ್ಟು ಜೋರಾಗಿ ಸೋಪಿನ ಜಾಹೀರಾತು ಹಾಡತೊಡಗಿತು. ಕೊನೆಗೆ ಅಜ್ಜಿ ರಿಪೇರಿಯವನನ್ನು ಕರೆಸಿದರು. ಅವನು ಬೆನ್ನು ಬಿಚ್ಚಿ ಒಳಗೆ ಮೂಗು ತೂರಿಸಿದ್ದ ಹೊತ್ತಿಗೇ ಟೀವಿ ತಾನಾಗಿ ಚಾನೆಲ್ ಬದಲಿಸಿ ಹುಲಿಯಂತೆ ಗರ್ಜಿಸಿತು. ಪಾಪ, ಅಲ್ಲಿ ಕಾಡುಪ್ರಾಣಿಗಳ ಕಾರ್ಯಕ್ರಮ ಬರುತ್ತಿತ್ತು. ಅವನು ಸ್ಕ್ರೂಡ್ರೈವರನ್ನೂ ಬಿಟ್ಟು ಮೆಟ್ಟಿಲಿಳಿದ.

ಹೆಂಡತಿ ಕಿಟಕಿಗೆ ಬಂದು ಇಣುಕಿದಳು. ಗಂಡನ ಕೈ ನೋಡಿದಳು. ಮತ್ತೆ ಎದುರುಮನೆ ನೋಡಿದಳು.

"ರೀ, ನೀವು ಆ ಕಡ್ಡಿ ಒತ್ತಿದಾಗೆಲ್ಲ ಅಲ್ಲಿ ಅಜ್ಜಿ ಕಿರುಚ್ತಾರೆ. ಗಮನಿಸಿದ್ರಾ?"

ಯಜಮಾನರು ಬೆವರೊರೆಸಿಕೊಂಡು ಎದುರುಮನೆಗೆ ಓಡಿ ನಿಜ ಹೇಳಿಕೊಂಡರು. ಅಜ್ಜಿ ಬೈಯಲಿಲ್ಲ. "ತಂದೆ ಯಾರು ಅಂತ ಗೊತ್ತಾಗೋವರೆಗೂ ಇಲ್ಲೇ ಕೂತ್ಕೋ" ಎಂದರು. ಯಜಮಾನರು ದಿನಾ ಸಂಜೆ ಹೋಗಿ ಕೂರಬೇಕಾಯಿತು. ಧಾರಾವಾಹಿಯ ಸೊಸೆಗೆ ಅವಸರವೇನೂ ಇರಲಿಲ್ಲ.

ಅಷ್ಟಕ್ಕೇ ಬುದ್ಧಿ ಬಂದಿದ್ದರೆ ಅವರು ಯಜಮಾನರೇ ಅಲ್ಲ! ಮಗಳು ಒಲೆಯಲ್ಲಿ ಕೇಕು ಇಟ್ಟ ದಿನ, ಅದು ಬೆಂದಾಗ ಎಚ್ಚರಿಸುವ ಹೊಣೆಯನ್ನು ಡಬ್ಬಕ್ಕೆ ವಹಿಸಿದರು. ಯಜಮಾನರು ಮಧ್ಯಾಹ್ನ ಎಂದು ಬರೆದದ್ದನ್ನು ಡಬ್ಬ ಬೆಳಗಿನ ಜಾವ ಎಂದು ಓದಿಕೊಂಡಿತ್ತು. ಕೇಕು ಹೊರಗೆ ಬಂದಾಗ ಅದನ್ನು ಕತ್ತರಿಸಲು ಚಾಕು ಸಾಲದೆ ಸುತ್ತಿಗೆ ಬೇಕಾಯಿತು.

"ಕೈಗಣಕ ಅಂದ್ರಿ, ಕೈಕೊಡೋ ಗಣಕ ಅನ್ನಲಿಲ್ಲವಲ್ಲ!" ಎಂದಳು ಹೆಂಡತಿ.

ಭಾನುವಾರ ಹತ್ತಿರವಾಗುತ್ತಿತ್ತು. ಅಂದು ಮನೆಯಲ್ಲಿ ಒಂದು ಗಂಡಾಂತರದ ಊಟವಿತ್ತು. ಹೆಂಡತಿಯ ಅಕ್ಕ ಮತ್ತು ಆಕೆಯ ಗಂಡ, ಅಂದರೆ ಯಜಮಾನರ ಷಡ್ಡಕರು, ಬರುವವರಿದ್ದರು. ಷಡ್ಡಕರು ಕಾಲೇಜಿನ ಪ್ರಿನ್ಸಿಪಾಲರಾಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಹೋದ ಸಲ ಬಂದಾಗ ಊಟದ ಮೇಜಿನಲ್ಲಿ ತಮ್ಮ ಆಡಳಿತದ ಸಾಹಸಗಳನ್ನು ಎಡೆಬಿಡದೆ ಹೇಳುತ್ತಿದ್ದವರನ್ನು ಯಜಮಾನರು "ಅಣ್ಣ, ಬ್ರೇಕ್ ಇಲ್ವಾ?" ಎಂದು ಕೇಳಿಬಿಟ್ಟಿದ್ದರು. ಪ್ರಿನ್ಸಿಪಾಲರು ಅರ್ಧ ಊಟಕ್ಕೇ ಕೈತೊಳೆದು ಹೊರಟಿದ್ದರು. ಅಂದಿನಿಂದ ಅಕ್ಕತಂಗಿಯರು ಕದ್ದುಮುಚ್ಚಿ ಫೋನಿನಲ್ಲಿ ಮಾತಾಡಿಕೊಳ್ಳಬೇಕಾಗಿತ್ತು. ಈ ಊಟಕ್ಕೆ ಭಾವನನ್ನು ಒಪ್ಪಿಸಲು ಹೆಂಡತಿ ಪಟ್ಟ ಪಾಡು ಆಕೆಗೇ ಗೊತ್ತು.

"ನೋಡ್ರೀ," ಹೆಂಡತಿಯ ದನಿ ಇಳಿದಿತ್ತು. ಯಾವಾಗಲೂ ಚುಚ್ಚುವ ದನಿ ಹೀಗೆ ಮೆತ್ತಗಾದರೆ ಯಜಮಾನರಿಗೆ ನಿಜಕ್ಕೂ ಭಯವಾಗುತ್ತಿತ್ತು. "ನನಗಿರೋದು ಒಬ್ಬಳೇ ಅಕ್ಕ. ಊಟಕ್ಕೆ ಮುಂಚೆ ಭಾವನ ಬಗ್ಗೆ ನಾಲ್ಕು ಒಳ್ಳೇ ಮಾತು ಹೇಳಿ. ನಾನು ಹೇಳಿಕೊಟ್ಟಷ್ಟೇ. ನಿಮ್ಮ ಸ್ವಂತ ಮಾತು ಒಂದೂ ಬೇಡ."

"ಆಣೆ! ಇದರಲ್ಲೇ ಬರ್ಕೊಳ್ತೀನಿ. ಇದರಲ್ಲಿ ಏನಿದೆಯೋ ಅಷ್ಟೇ ಓದ್ತೀನಿ. ಒಂದಕ್ಷರ ಆಚೀಚೆ ಆದ್ರೆ ಕೇಳು!"

ಆಕೆ ಹೇಳಿದಳು, ಅವರು ಕಡ್ಡಿಯಿಂದ ಗೀಚಿದರು. ಡಬ್ಬಕ್ಕೆ ಕನ್ನಡ ಬರುತ್ತಿರಲಿಲ್ಲ. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಇದರಲ್ಲೇನು ಮಹಾ ತೊಡಕು ಎಂದುಕೊಂಡರು ಯಜಮಾನರು.

ಭಾನುವಾರ ಬಂತು. ಪ್ರಿನ್ಸಿಪಾಲರೂ ಬಂದರು, ಇಸ್ತ್ರಿ ಮಾಡಿದ ಮುಖ ಹೊತ್ತು. ಮೇಜಿನ ಮೇಲೆ ಬಿಸಿ ಪಾತ್ರೆಗಳು ಹೊಗೆಯಾಡುತ್ತಿದ್ದವು. ಯಜಮಾನರು ಎದ್ದು ನಿಂತು ಗಂಟಲು ಸರಿಮಾಡಿಕೊಂಡು ಡಬ್ಬವನ್ನು ಮುಖದ ಮುಂದೆ ಹಿಡಿದರು. ಮಬ್ಬು ಪರದೆ, ಇರುವೆಯಂಥ ಅಕ್ಷರ. ಉಸಿರು ಬಿಗಿಹಿಡಿದು ಕಂಡದ್ದನ್ನು ಕಂಡಂತೆ ಓದತೊಡಗಿದರು.

"ಇವರು ನಮ್ಮೆಲ್ಲರ ಪ್ರೀತಿಯ... ಅನ್ನ!"

ಪ್ರಿನ್ಸಿಪಾಲರು ಪಾತ್ರೆಗಳ ಕಡೆ ನೋಡಿದರು, ಊಟ ಶುರುಮಾಡಲು ಹೇಳಿದರೇನೋ ಎಂದು. "ಅಣ್ಣ, ಅಪ್ಪ, ಅಣ್ಣ!" ಎಂದು ಮಗಳು ಪಿಸುಗುಟ್ಟಿದಳು. ಯಜಮಾನರಿಗೆ ಕೇಳಿಸಲಿಲ್ಲ. ಕೊಟ್ಟ ಮಾತು ಕೊಟ್ಟದ್ದೇ, ಒಂದಕ್ಷರ ಆಚೀಚೆ ಆಗಬಾರದು!

"ಇವರ ಬಾಲ ಎಷ್ಟು ದೊಡ್ಡದು ಅಂತ ನಮಗೆಲ್ಲ ಗೊತ್ತು!"

ಪ್ರಿನ್ಸಿಪಾಲರ ಕೈ ತನಗರಿವಿಲ್ಲದೆ ಕುರ್ಚಿಯ ಹಿಂಭಾಗಕ್ಕೆ ಹೋಯಿತು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೆಂಡತಿ ಮೇಜಿನಡಿಯಲ್ಲಿ ಗಂಡನ ಕಾಲಿಗೆ ಒದ್ದಳು. ಒದೆ ತಪ್ಪಿ ಪ್ರಿನ್ಸಿಪಾಲರ ಮೊಣಕಾಲಿಗೆ ಬಿತ್ತು.

"ಇವರು ಕಾಲೇಜಿನಲ್ಲಿ ಹುಳಿ! ಮನೆಯಲ್ಲಿ ಹಾಳು!"

ಇಲ್ಲಿಗೆ ಯಜಮಾನರಿಗೂ ಎಲ್ಲೋ ಏನೋ ಎಡವಟ್ಟಾಗಿದೆ ಅನ್ನಿಸಿತು. ಆದರೆ ಇಳಿಜಾರಿನಲ್ಲಿ ಬ್ರೇಕು ಕಳೆದುಕೊಂಡ ಸೈಕಲ್ಲಿನಂತೆ ನಾಲಗೆ ಆಗಲೇ ಮುಂದಿನ ಸಾಲಿಗೆ ಜಾರಿತ್ತು.

"ಒಟ್ಟಿನಲ್ಲಿ ಇವರ ಬಾಳೇ ಒಂದು ದೊಡ್ಡ ಕತ್ತೆ!"

ಕುರ್ಚಿ ಹಿಂದಕ್ಕೆ ಬಿತ್ತು. ಪ್ರಿನ್ಸಿಪಾಲರು ಎದ್ದು ನಿಂತಿದ್ದರು. ಹೆಂಡತಿಯ ಮುಖದಲ್ಲಿ ರಕ್ತವೇ ಇರಲಿಲ್ಲ.

"ಕತ್ತೆ?" ಎಂದರು ಪ್ರಿನ್ಸಿಪಾಲರು.

"ಅಣ್ಣ, ನಾನಲ್ಲ! ಮಿಷಿನ್ನು!"

"ಮಿಷಿನ್ನು ನನ್ನನ್ನ ಕತ್ತೆ ಅನ್ನುತ್ತಾ? ಕೊಡಿ ಇಲ್ಲಿ!"

ಡಬ್ಬ ಕೈ ಬದಲಾಯಿತು. ಪ್ರಿನ್ಸಿಪಾಲರು ಕನ್ನಡಕ ಏರಿಸಿದರು. ಹುಡುಗರ ಕೋಳಿಕಾಲಿನ ಅಕ್ಷರಗಳನ್ನು ಜೀವಮಾನವಿಡೀ ಬಿಡಿಸಿದ ಕಣ್ಣು ಅದು! ಒಂದು ಗಳಿಗೆ ಪರದೆಯನ್ನೇ ದಿಟ್ಟಿಸಿದರು. ಹುಬ್ಬಿನ ಗಂಟು ಮೆಲ್ಲಗೆ ಸಡಿಲವಾಯಿತು.

"ಬಾಲ ಅಲ್ಲ ಕಣ್ರೀ, ಬಲ! ಹುಳಿ ಅಲ್ಲ, ಹುಲಿ! ಹಾಳು ಅಲ್ಲ, ಹಾಲು! ಇದು ಕತ್ತೆ ಅಲ್ಲ... ಕಥೆ! ಇಷ್ಟು ಚೆನ್ನಾಗಿ ಬರೆದು ಇಷ್ಟು ಕೆಟ್ಟದಾಗಿ ಓದ್ತಾರೇನ್ರೀ? ಕೂತ್ಕೊಳ್ಳಿ, ನಾನೇ ಓದ್ತೀನಿ."

ತಮ್ಮ ಅಭಿನಂದನಾ ಭಾಷಣವನ್ನು ಪ್ರಿನ್ಸಿಪಾಲರು ತಾವೇ ಓದಿದರು. ಏನು ಏರಿಳಿತ, ಏನು ಗಾಂಭೀರ್ಯ! "ಕಾಲೇಜಿನಲ್ಲಿ ಹುಲಿ" ಎಂದಾಗ ಮೇಜು ಗುದ್ದಿದರು. "ಮನೆಯಲ್ಲಿ ಹಾಲು" ಎಂದಾಗ ತಮ್ಮ ಹೆಂಡತಿಯ ಕಡೆ ನೋಡಿದರು. ಅಕ್ಕ ನೀರಿನ ಲೋಟದ ಕಡೆ ನೋಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲರು ಕೂರಲಿಲ್ಲ. ಓದು ಮುಂದುವರಿಯಿತು.

ಕ್ಯಾಂಟೀನನ್ನು ಅವರು ಸುಧಾರಿಸಿದ ಬಗೆ ಬಂತು. ಹುಡುಗರ ಮುಷ್ಕರವನ್ನು ಒಂದೇ ನೋಟದಲ್ಲಿ ಅಡಗಿಸಿದ್ದು ಬಂತು. ಯಜಮಾನರು ಬೆರಗಾದರು. ಇದನ್ನೆಲ್ಲ ಬರೆದದ್ದು ಯಾವಾಗ? ಕತ್ತು ಚಾಚಿ ಷಡ್ಡಕರ ಭುಜದ ಮೇಲಿಂದ ಇಣುಕಿದರು.

ಪರದೆ ಖಾಲಿ! ಗಡಿಯಾರದ ಸೆಲ್ಲುಗಳು ತೀರಿಹೋಗಿದ್ದವು. ಡಬ್ಬ ಸತ್ತು ಎಷ್ಟು ಹೊತ್ತಾಗಿತ್ತೋ! ಪ್ರಿನ್ಸಿಪಾಲರು ಮಾತ್ರ ಅದರ ಮೇಲೆ ಕಣ್ಣು ನೆಟ್ಟು ಸಾಲು ಸಾಲಾಗಿ ಓದುತ್ತಲೇ ಇದ್ದರು. ನಡುನಡುವೆ ಕಡ್ಡಿಯಿಂದ ಪುಟವನ್ನೂ ತಿರುವುತ್ತಿದ್ದರು.

"ಅದು ಆಫ್ ಆಗಿದೆ ಕಣೇ!" ಯಜಮಾನರು ಹೆಂಡತಿಯ ಕಿವಿಯಲ್ಲಿ ಉಸುರಿದರು.

"ಗೊತ್ತು. ನೀವೂ ಆಫ್ ಆಗಿ!"

ಅಕ್ಕ ಈ ಕಡೆ ವಾಲಿದರು. "ಈ ಮುಷ್ಕರದ್ದು ನೀವು ಬರೆದದ್ದಾ?"

"ಇಲ್ಲ ಅತ್ತಿಗೆ."

"ಗೊತ್ತು. ನಾನು ಇದನ್ನ ದಿನಾ ಕೇಳ್ತೀನಿ. ಇನ್ನು ಗ್ರಂಥಾಲಯಕ್ಕೆ ಸುಣ್ಣ ಬಳಿಸಿದ್ದು ಬರುತ್ತೆ ನೋಡಿ."

ಗ್ರಂಥಾಲಯಕ್ಕೆ ಸುಣ್ಣ ಬಳಿಸಿದ್ದು ಬಂತು. ಅಕ್ಕತಂಗಿ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ನಗು ತಡೆಯಲಾರದೆ ಮೇಜಿನ ಮೇಲೆ ತಲೆಯಿಟ್ಟರು. ಪ್ರಿನ್ಸಿಪಾಲರು ಅದನ್ನು ಆನಂದಬಾಷ್ಪ ಎಂದು ತಿಳಿದು ತಾವೂ ಕಣ್ಣೊರೆಸಿಕೊಂಡರು. ಸಾರು ತಣ್ಣಗಾಗಿ, ಕೆನೆಗಟ್ಟಿ, ಮತ್ತೆ ಒಲೆ ಏರಿ ಇಳಿದ ಮೇಲೆ ಭಾಷಣ ಮುಗಿಯಿತು. ಪ್ರಿನ್ಸಿಪಾಲರು ಬಂದು ಯಜಮಾನರನ್ನು ಬಾಚಿ ತಬ್ಬಿಕೊಂಡರು.

"ನಿಮ್ಮ ಮನಸ್ಸಲ್ಲಿ ನನ್ನ ಬಗ್ಗೆ ಇಷ್ಟೆಲ್ಲ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ!"

"ನನಗೂ ಗೊತ್ತಿರಲಿಲ್ಲ ಅಣ್ಣ" ಎಂದರು ಯಜಮಾನರು, ಪ್ರಾಮಾಣಿಕವಾಗಿ.

ಅಂದು ಪ್ರಿನ್ಸಿಪಾಲರು ಮೂರು ಸಲ ಬಡಿಸಿಕೊಂಡು ಉಂಡರು. ಅಕ್ಕತಂಗಿಯರು ಸಂಜೆಯವರೆಗೂ ಹೊಲಿಗೆ ಕೋಣೆಯಲ್ಲಿ ಕುಳಿತು ಬಾಯಿತುಂಬ ಮಾತಾಡಿದರು. ಹೊರಡುವಾಗ ಪ್ರಿನ್ಸಿಪಾಲರು ಡಬ್ಬವನ್ನು ಜೇಬಿಗಿಳಿಸಿಕೊಂಡು, "ಇದು ನನ್ನ ಹತ್ತಿರ ಇರಲಿ. ಬೇಜಾರಾದಾಗ ಓದ್ತೀನಿ" ಎಂದರು. ಯಾರೂ ಬೇಡ ಅನ್ನಲಿಲ್ಲ.

ಗೇಟು ಹಾಕಿ ಬಂದ ಯಜಮಾನರು ಹಾಲಿನ ನಡುವೆ ನಿಂತು ಎದೆ ಉಬ್ಬಿಸಿದರು.

"ನೋಡಿದೆಯಾ? ಗುಜರಿಗೆ ಹಾಕು ಅಂದೆಯಲ್ಲ! ಸತ್ತುಹೋದ ಮೇಲೂ ನಿನ್ನ ಸಂಸಾರ ಜೋಡಿಸ್ತು ನೋಡು! ಅದೂ ಸೆಲ್ಲಿಲ್ಲದೆ!"

"ಒಪ್ಪಿದೆ ರೀ," ಎಂದಳು ಹೆಂಡತಿ, ಎಂದೂ ಇಲ್ಲದ ವಿನಯದಿಂದ. ಅವರ ಭುಜಕ್ಕೆ ಒಂದು ಟವೆಲ್ಲು ಹಾಕಿ, ಅಡುಗೆಮನೆಯ ಕಡೆ ಮೆಲ್ಲಗೆ ತಿರುಗಿಸಿ ನಿಲ್ಲಿಸಿದಳು. ಸಿಂಕಿನಲ್ಲಿ ಪಾತ್ರೆಗಳು ಬೆಟ್ಟದಂತೆ ಬಿದ್ದಿದ್ದವು.

"ಅದು ಸತ್ತ ಮೇಲೂ ಉಪಯೋಗಕ್ಕೆ ಬಂತು. ನೀವಿನ್ನೂ ಬದುಕಿದ್ದೀರಲ್ಲ, ತೊಳೀರಿ!"